ಹೊಳೆಯ ಉಸುಕು

ನಮ್ಮ ಉಜ್ಜಿನಿಗೆ ಸಮುದ್ರವಿಲ್ಲ. ಇದು ಹೇಳಿ ತಿಳಿಸಬೇಕಾದ ಸಂಗತಿಯೇನೂ ಅಲ್ಲ. ಸಮುದ್ರದ ಮಾತು ಹಾಗಿರಲಿ, ವರುಷದ ಹನ್ನೆರಡು ತಿಂಗಳೂ ಹರಿಯುವ ಹೊಳೆಯೊಂದು ಕೂಡ ನಮ್ಮೂರಿನ ಹತ್ತಿರ ಸುಳಿಯುವುದಿಲ್ಲ. ಒಳ್ಳೆಯ ಮಳೆಯಾದ ವರುಷ ಹಳ್ಳಗಳು ನಾಲ್ಕು ದಿನ ಕೆಂಪಗೆ ಹರಿದು, ನಮ್ಮ ಹುಡುಗರ ಅಂಗಿ ಚಡ್ಡಿಗಳಿಗೆ ಬಣ್ಣ ಹಾಕಿ ಹೋಗುತ್ತವೆ. ಆಮೇಲೆ ಕೊಳವೆಬಾವಿಯ ನೀರು, ಇಲ್ಲವೆ ನಲ್ಲಿಯ ಮುಂದಿನ ಕೊಡಗಳ ಸಾಲು. ನಮ್ಮೂರಿನ ಹೆಸರು ನಾಡಿಗೆ ಗೊತ್ತಿರುವುದು ನೀರಿನಿಂದಲ್ಲ, ಕಲ್ಲಿನಿಂದ. "ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು" ಎಂಬ ಮಾತನ್ನು ಕೇಳದವರು ನಮ್ಮ ಸೀಮೆಯಲ್ಲಿ ವಿರಳ. ಮರುಳಸಿದ್ಧೇಶ್ವರ ದೇವಾಲಯದ ಒಳಗಿನ ಕೆತ್ತನೆಯನ್ನು ಕತ್ತೆತ್ತಿ ನೋಡಲು ನಿಂತವರು ಕತ್ತು ನೋಯುವವರೆಗೂ ಇಳಿಸುವುದಿಲ್ಲ. ಆದರೆ ಕಲ್ಲಿನ ಚೆಲುವನ್ನು ನೋಡಿ ತಣಿಯುವ ವಯಸ್ಸು ಮಕ್ಕಳದಲ್ಲ. ಅವರಿಗೆ ಬೇಕಾದುದು ಕೈಗೆ ಸಿಕ್ಕುವ, ಕಟ್ಟಿದರೆ ನಿಲ್ಲುವ, ಒದ್ದರೆ ಬೀಳುವ ಪದಾರ್ಥ. ಅದು ಉಸುಕು.

ಕಡಲ ದಂಡೆಯ ವಿಹಾರವೆಂಬುದು ನಮ್ಮಲ್ಲಿ ಬಹುಮಂದಿ ಪುಸ್ತಕದಲ್ಲಿ ಓದಿ, ಸಿನಿಮಾದಲ್ಲಿ ನೋಡಿ ತಿಳಿದುಕೊಂಡ ಸುಖ. ನಮ್ಮ ರಾಜ್ಯಕ್ಕೇ 300 ಕಿಲೋಮೀಟರಿಗೂ ಮಿಕ್ಕ ಕಡಲ ದಂಡೆಯಿದೆ. ಕಾರವಾರ, ಗೋಕರ್ಣ, ಹೊನ್ನಾವರ, ಮಲ್ಪೆಗಳ ಹೆಸರು ಭೂಪಟದಲ್ಲಿ ನಮಗೆ ಬಾಯಿಪಾಠ. ಇಂಗ್ಲೆಂಡಿನಂಥ ಶೀತದೇಶದವರಂತೂ ಚಳಿ ಬಿದ್ದ ಮೇಲೆಯೂ ಕಡಲನ್ನು ಬಿಡುವುದಿಲ್ಲ. ಉಣ್ಣೆಯ ಕೋಟು ತೊಟ್ಟು, ಕಿವಿಯ ಮೇಲೆ ಟೊಪ್ಪಿಗೆ ಎಳೆದುಕೊಂಡು, ಮಕ್ಕಳ ಕೈಗೆ ಪುಟ್ಟ ಬಕೆಟ್ಟು ಸಲಿಕೆಗಳನ್ನು ಕೊಟ್ಟು, ಗಾಳಿ ಹೊಡೆಯುವ ದಂಡೆಯ ಮೇಲೆ ಅಡ್ಡಾಡಿ, ಬಿಸಿ ಚಹಾ ಕುಡಿದು ಮನೆಗೆ ಹಿಂದಿರುಗುತ್ತಾರೆ. ಚಳಿಯಲ್ಲಿ ನೀರಿನ ದಂಡೆಗೆ ಹೋಗುವುದು ಹುಚ್ಚಲ್ಲವೇ ಎಂದು ನಮ್ಮ ಗೆಳೆಯರು ಕೇಳಬಹುದು. ಆದರೆ ಸ್ವಲ್ಪ ವಿಚಾರ ಮಾಡಿ ನೋಡಿದರೆ ಆ ಹುಚ್ಚು ನಮ್ಮಲ್ಲಿಯೂ ಇದೆ, ತಲೆತಲಾಂತರದಿಂದ ಇದೆ. ನಮ್ಮ ಕಡಲ ದಂಡೆ ತುಂಗಭದ್ರೆಯ ಉಸುಕು. ನಮ್ಮ ವಿಹಾರದ ದಿನ ಮಕರ ಸಂಕ್ರಾಂತಿ.

ಈ ದಂಡೆಯ ವಿಶೇಷವೆಂದರೆ ಇದು ವರುಷವಿಡೀ ಇರುವುದಿಲ್ಲ. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಭದ್ರೆಯರು ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ಒಂದಾಗಿ, ಅಲ್ಲಿಂದ 531 ಕಿಲೋಮೀಟರು ಹರಿದು ಕೃಷ್ಣೆಯನ್ನು ಸೇರುತ್ತಾರೆ. ಆ ದಾರಿಯಲ್ಲಿ ನಮ್ಮ ಹರಪನಹಳ್ಳಿ, ಹಡಗಲಿ ತಾಲ್ಲೂಕುಗಳ ಅಂಚನ್ನು ಸವರಿಕೊಂಡು ಹೋಗುತ್ತಾರೆ. ಆಚೆಯ ದಂಡೆ ಹಾವೇರಿ, ಗದಗ ಜಿಲ್ಲೆಗಳದು. ಈಚೆಯದು 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ನಮ್ಮ ವಿಜಯನಗರ ಜಿಲ್ಲೆಯದು. ಆಷಾಢ ಶ್ರಾವಣಗಳಲ್ಲಿ ಹೊಳೆ ದಂಡೆಯಿಂದ ದಂಡೆಗೆ ಕೆಂಪು ನೀರು ತುಂಬಿ ಹರಿಯುವಾಗ ಅದರ ಬಳಿ ಮಕ್ಕಳನ್ನು ಬಿಡುವವರಾರು? ಚೈತ್ರ ವೈಶಾಖದಲ್ಲಿ ಅದೇ ಉಸುಕು ಕಾದ ಹಂಚು; ಕಾಲಿಟ್ಟರೆ ರೊಟ್ಟಿಯಂತೆ ಬೆಂದೀತು. ದೀಪಾವಳಿ ಕಳೆದು ಚಳಿ ಬೀಳುತ್ತಿದ್ದಂತೆ ನೀರು ಇಳಿದು ತಿಳಿಯಾಗುತ್ತದೆ. ಪುಷ್ಯಮಾಸದ ಹೊತ್ತಿಗೆ ಪಾತ್ರದ ಒಂದು ಮಗ್ಗುಲು ಬಯಲಾಗಿ, ತೊಳೆದ ಗೋಧಿಯನ್ನು ಹರವಿದಂತೆ ಉಸುಕು ಕಾಣುತ್ತದೆ. ನೀರು, ಉಸುಕು, ಬಿಸಿಲು ಮೂರೂ ಹಿತವಾಗಿರುವುದು ಚಳಿಗಾಲದ ಆ ಎರಡು ತಿಂಗಳು ಮಾತ್ರ. ನಮ್ಮ ಹಿರಿಯರು ಹಬ್ಬವನ್ನು ಆ ದಿನಗಳಲ್ಲಿಯೇ ಹೊಳೆಗೆ ಕರೆದುಕೊಂಡು ಹೋದದ್ದು ಅವರ ಜಾಣತನಕ್ಕೆ ಸಾಕ್ಷಿ.

ಸಂಕ್ರಾಂತಿಯೆಂದರೆ ಸೂರ್ಯನು ಮಕರ ರಾಶಿಯನ್ನು ಪ್ರವೇಶಿಸುವ ದಿನ. ಉತ್ತರಾಯಣದ ಆರಂಭವೆಂದು ಅದನ್ನು ಆಚರಿಸುತ್ತೇವೆ. ಖಗೋಳಶಾಸ್ತ್ರಜ್ಞರ ಲೆಕ್ಕದಲ್ಲಿ ಸೂರ್ಯನು ಬಡಗಣಕ್ಕೆ ತಿರುಗುವುದು ಡಿಸೆಂಬರ್ 21, 22ರ ಸುಮಾರಿಗೆ. ಭೂಮಿಯ ಅಕ್ಷವು ಬುಗುರಿಯಂತೆ ಮೆಲ್ಲಗೆ ಓಲಾಡುವುದರಿಂದ ನಮ್ಮ ಹಬ್ಬ ನಿಧಾನವಾಗಿ ಹಿಂದೆ ಬಿದ್ದು, ಈಗ ಜನವರಿ 14 ಅಥವಾ 15ಕ್ಕೆ ಬರುತ್ತದೆ. ಈ ವಿಳಂಬವನ್ನು ಪಂಡಿತರು ಚರ್ಚಿಸಲಿ. ಎಳ್ಳು ಅರಿಶಿಣಗಳನ್ನು ಅರೆದು ಮೈಗೆ ಹಚ್ಚಿಕೊಂಡು ಹೊಳೆಯಲ್ಲಿ ಮುಳುಗುವ ನಮ್ಮ ಜನಕ್ಕೆ ಅದರಿಂದ ತೊಂದರೆಯೇನೂ ಆಗಿಲ್ಲ. ಮಿಂದ ಮೇಲೆ ಬುತ್ತಿ ಬಿಚ್ಚಿ ಉಸುಕಿನ ಮೇಲೆ ಕುಳಿತು ಉಣ್ಣುವುದು, ಹೊತ್ತು ಇಳಿಯುವವರೆಗೂ ಅಲ್ಲೇ ಇರುವುದು. ಇಷ್ಟೇ ಕಾರ್ಯಕ್ರಮ. ಚಳಿಗಾಲದಲ್ಲಿ ನಮ್ಮ ನೀರಿಗೆ ಹಕ್ಕಿಗಳೂ ನೆಂಟರಾಗಿ ಬರುತ್ತವೆ. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಹೋದವರು ಅವುಗಳ ಸಂಭ್ರಮವನ್ನು ಕಂಡಿರಬಹುದು. ಹಕ್ಕಿಗಳಿಗೆ ಇಡೀ ಕಾಲ. ನಮಗೆ ಒಂದು ದಿನ.

ನಮ್ಮ ಮನೆಯವರು ಅಷ್ಟು ದೂರದ ಹೊಳೆಗೆ ಹೋಗುವುದಕ್ಕೆ ಕಾರಣ ನಮ್ಮ ಅಜ್ಜಿ. ಆಕೆ ಹೊಳೆಯ ದಂಡೆಯ ಹೆಣ್ಣು. ಕುರುವತ್ತಿಯ ಕಡೆಯಿಂದ ಉಜ್ಜಿನಿಗೆ ಸೊಸೆಯಾಗಿ ಬಂದವಳು. ಬಂದು ಅರವತ್ತು ವರುಷವಾಗುತ್ತ ಬಂದರೂ, ನಮ್ಮೂರಿನ ನೀರನ್ನು ಬಾಯಿಗೆ ಹಾಕಿಕೊಂಡಾಗಲೆಲ್ಲ "ನಮ್ಮ ಹೊಳಿ ನೀರಿನ ರುಚಿ ಇಲ್ಲ ಬಿಡು" ಎಂದು ಒಂದು ಮಾತು ಸೇರಿಸದೆ ನುಂಗಿದವಳಲ್ಲ. ಆಕೆ ಹೊಸ ಸೊಸೆಯಾಗಿದ್ದಾಗ ಹಬ್ಬದ ಹಿಂದಿನ ಸಂಜೆಯೇ ಎತ್ತಿನ ಗಾಡಿ ಹೂಡುತ್ತಿದ್ದರಂತೆ. ದಾರಿಯಲ್ಲಿ ಗಾಡಿ ಬಿಟ್ಟು, ಎತ್ತುಗಳಿಗೆ ಮೇವು ಹಾಕಿ, ಬೆಂಕಿ ಕಾಯಿಸುತ್ತ ಕುಳಿತು, ಮತ್ತೆ ಹೊರಟು ಬೆಳಗಿನ ಜಾವಕ್ಕೆ ಹೊಳೆ ಕಾಣುತ್ತಿದ್ದರಂತೆ. ಆಮೇಲಾಮೇಲೆ ಗಾಡಿ ಹೋಯಿತು, ಎತ್ತು ಹೋದವು, ಹೋಗುವ ರೂಢಿಯೂ ಸಡಿಲಾಯಿತು. ಹಬ್ಬದ ದಿನ ಬಚ್ಚಲಲ್ಲೇ ಎಳ್ಳು ಹಚ್ಚಿಕೊಂಡು ನಾಲ್ಕು ತಂಬಿಗೆ ಸುರಿದುಕೊಂಡರೆ ಆಯಿತು ಎಂಬ ಮಟ್ಟಕ್ಕೆ ಬಂದಿದ್ದೆವು.

2025ರ ಸಂಕ್ರಾಂತಿಗೆ ನಮ್ಮ ಅಣ್ಣ ಬೆಂಗಳೂರಿನಿಂದ ಹೆಂಡತಿ ಮಕ್ಕಳೊಡನೆ ಬಂದನು. ಅಣ್ಣ ಗಾರೆ ಕೆಲಸದವನು. ನಮ್ಮ ಕಡೆಯಿಂದ ಮಳೆ ಕೈಕೊಟ್ಟ ವರುಷ ಹೊರಟ ಅನೇಕರಂತೆ ಅವನೂ ಹೊರಟನು. ಅವರು ಹಿಂದಿರುಗಿದರು, ಅವನು ಅಲ್ಲಿಯೇ ನಿಂತನು. ಒಂದು ಕಟ್ಟಡ ಮುಗಿಯುವವರೆಗೆ ಅದರ ಮಗ್ಗುಲಲ್ಲಿ ತಗಡಿನ ಶೆಡ್ಡು. ಮುಗಿದ ಮೇಲೆ ಮತ್ತೊಂದು ಕಟ್ಟಡ, ಮತ್ತೊಂದು ಶೆಡ್ಡು. ಹೀಗೆ ಊರು ಬದಲಿಸದೆ ಹತ್ತು ಊರು ತಿರುಗಿದಂಥ ಬಾಳು. ಅವನ ಮಗಳಿಗೆ ಎಂಟು ವರುಷ, ಮಗನಿಗೆ ಐದು. "ಈ ಸಲ ಹುಡುಗರಿಗೆ ಹೊಳಿ ತೋರಿಸ್ಬೇಕಪ್ಪ, ನಾನು ಮುಂದಿನ ವರ್ಷ ಇರ್ತೀನೋ ಇಲ್ಲೋ" ಎಂದು ಅಜ್ಜಿ ತೆಗೆದ ರಾಗಕ್ಕೆ ಮನೆಯಲ್ಲಿ ಎದುರುತ್ತರವಿರಲಿಲ್ಲ. ಈ ರಾಗವನ್ನು ಆಕೆ ಹತ್ತು ವರುಷದಿಂದ ಹಾಡುತ್ತಿರುವುದು ಬೇರೆ ಮಾತು.

ಬೆಳಗಿನ ನಾಲ್ಕು ಗಂಟೆಗೆ ದೊಡ್ಡಪ್ಪನ ಟ್ರ್ಯಾಕ್ಟರು ಮನೆಯ ಮುಂದೆ ಬಂದು ನಿಂತಿತು. ಹಿಂದಿನ ಗಾಡಿಯಲ್ಲಿ ಸೊಪ್ಪೆ ಹಾಸಿ, ಅದರ ಮೇಲೆ ಜಮಖಾನ ಹಾಸಿ, ಸುತ್ತಲೂ ತಾಡಪಾಲು ಕಟ್ಟಿದ್ದೆವು. ಅಜ್ಜಿ, ಅಪ್ಪ, ಅವ್ವ, ಅಣ್ಣ, ಅತ್ತಿಗೆ, ದೊಡ್ಡವ್ವ, ನಾನು, ಮಕ್ಕಳು. ಹರಪನಹಳ್ಳಿಯಲ್ಲಿ ಅಕ್ಕ, ಅವಳ ಇಬ್ಬರು ಗಂಡುಮಕ್ಕಳು ಹತ್ತಿದರು. ಎಲ್ಲರಿಗಿಂತ ಹೆಚ್ಚು ಸ್ಥಳವನ್ನು ಆಕ್ರಮಿಸಿದ್ದುದು ಬುತ್ತಿಯ ಗಂಟು. ಚಳಿಯೆಂದರೆ ಹೇಳತೀರದು. ಮಾತಾಡಿದರೆ ಬಾಯಿಂದ ಹೊಗೆ. ಅಕ್ಕನ ಕಿರಿಯ ಮಗನು ಜೋಳದ ದಂಟನ್ನು ಬೀಡಿಯಂತೆ ಹಿಡಿದು ಹೊಗೆ ಬಿಡುವ ಸೋಗು ಹಾಕಿದುದನ್ನು ನೋಡಿ ಅಪ್ಪ ಮುಖ ತಿರುಗಿಸಿಕೊಂಡು ನಕ್ಕರು. ಒಂದೇ ಕಂಬಳಿಯೊಳಗೆ ನಾಲ್ಕು ಮಕ್ಕಳು ಸೇರಿಕೊಂಡು, ಒಬ್ಬರ ಕಾಲು ಒಬ್ಬರು ಒದೆಯುತ್ತ, ಯಾವ ಕಾಲು ಯಾರದೆಂಬ ವ್ಯಾಜ್ಯವನ್ನು ಹೊಳೆ ಬರುವವರೆಗೂ ತೀರಿಸಿಕೊಳ್ಳಲಿಲ್ಲ.

ಕುರುವತ್ತಿಯಲ್ಲಿ ಮೊದಲು ದೇವರ ದರ್ಶನ. ಕಲ್ಯಾಣ ಚಾಲುಕ್ಯರ ಕಾಲದ ಆ ಮಲ್ಲಿಕಾರ್ಜುನ ದೇವಾಲಯದ ಕಂಬಗಳ ಮೇಲಿನ ಮದನಿಕೆಯರನ್ನು ಇತಿಹಾಸದ ವಿದ್ಯಾರ್ಥಿಗಳಾದ ನಾವು ಬೆರಗಿನಿಂದ ನೋಡುತ್ತೇವೆ. ಮಕ್ಕಳು ನೋಡಿದ್ದು ದೊಡ್ಡ ಬಸವಣ್ಣನನ್ನು ಮಾತ್ರ. ನಮಸ್ಕಾರ ಮಾಡುತ್ತಲೇ ಅವರ ಕಣ್ಣು ಹೊಳೆಯ ಕಡೆಗಿತ್ತು. ದೇವರು ಇದನ್ನು ಮನಸ್ಸಿಗೆ ಹಚ್ಚಿಕೊಂಡಿರಲಾರನು.

ಅಲ್ಲಿಂದ ಸ್ವಲ್ಪ ದೂರದಲ್ಲಿ, ಅಜ್ಜಿಯ ತವರಿನ ಕಡೆ, ನಾವು ಗಾಡಿ ನಿಲ್ಲಿಸಿದೆವು. ಹೊಳೆಯ ಮೇಲೆ ಮಂಜು ಹರಡಿತ್ತು. ನೀರಿನಿಂದ ಹಬೆ ಏಳುತ್ತಿತ್ತು. ನೆಲ ಬೇಗ ಕಾದು ಬೇಗ ಆರುತ್ತದೆ, ನೀರು ಹಾಗಲ್ಲ ಎಂದು ಶಾಲೆಯಲ್ಲಿ ಓದಿದ ಪಾಠ ಅಂದು ಅಂಗಾಲಿಗೆ ತಿಳಿಯಿತು. ಉಸುಕು ಹಿಮದಂತೆ ಕೊರೆಯುತ್ತಿತ್ತು. ನೀರಿನಲ್ಲಿ ಕಾಲಿಟ್ಟರೆ ಬೆಚ್ಚಗೆ. ಮುಳುಗುವುದು ಸುಲಭ, ಏಳುವುದು ಕಷ್ಟ. ಹಿರಿಯರು ಒಬ್ಬೊಬ್ಬರಾಗಿ ಎಳ್ಳು ಹಚ್ಚಿಕೊಂಡು, "ಗಂಗವ್ವ ತಾಯಿ" ಎಂದು ಮುಳುಗಿ ಎದ್ದು, ಹಲ್ಲು ಕಟಕಟಿಸುತ್ತ ಬೆಂಕಿಯ ಸುತ್ತ ಕುಳಿತರು. ಸಂಸಾರದ ಗಾಂಭೀರ್ಯವೆಲ್ಲ ಒಂದು ಮುಳುಗಿಗೆ ತೊಳೆದು ಹೋದಂತಿತ್ತು. ನಮ್ಮ ಅಪ್ಪ ಗಡಗಡ ನಡುಗುತ್ತ ಕುಣಿಯುವುದನ್ನು ನಾನು ನೋಡಿದ್ದು ಅದೇ ಮೊದಲು.

ಬಿಸಿಲು ಏರಿ ಮಂಜು ಕರಗಿತು. ಇಡೀ ಉಸುಕಿನ ಬಯಲು ಕಣ್ಣಿಗೆ ಬಿತ್ತು. ಅಕ್ಕನ ಮಕ್ಕಳು ಕೂಗುತ್ತ ಓಡಿದರು. ಅಣ್ಣನ ಮಗಳು ಮಾತ್ರ ಅಂಚಿನಲ್ಲಿಯೇ ನಿಂತಿದ್ದಳು. ತಮ್ಮನ ಕೈಯನ್ನೂ ಬಿಟ್ಟಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಣ್ಣನ ಕಡೆ ತಿರುಗಿ ಕೇಳಿದಳು:

"ಅಪ್ಪಾ, ಈ ಮರಳು ಯಾರ್ದು?"

"ಯಾರ್ದೂ ಅಲ್ಲವ್ವ. ಹೊಳಿದು."

"ಆಡಿದ್ರೆ ಬೈಯಲ್ವಾ?"

ಅಣ್ಣ ಕೂಡಲೆ ಉತ್ತರ ಕೊಡಲಿಲ್ಲ. ಅತ್ತಿಗೆ ಸೆರಗು ಸರಿಮಾಡಿಕೊಳ್ಳುತ್ತ ಬುತ್ತಿಯ ಕಡೆ ತಿರುಗಿದಳು. ನಮಗೆ ಅರ್ಥವಾಗಲು ತಡವಾಗಲಿಲ್ಲ. ಆ ಮಕ್ಕಳು ಬೆಳೆದುದೇ ಉಸುಕಿನ ರಾಶಿಗಳ ನಡುವೆ. ಆದರೆ ಅದು ಲಾರಿಯ ಲೆಕ್ಕದಲ್ಲಿ ಹಣ ಕೊಟ್ಟು ತರಿಸಿದ ಉಸುಕು. ಹತ್ತಿ ಜಾರಿದರೆ ರಾಶಿ ಹರಡುತ್ತದೆ, ಹರಡಿದರೆ ನಷ್ಟ. ಕಟ್ಟಡದ ಯಜಮಾನರೋ ಮೇಸ್ತ್ರಿಯೋ ಗದರಿಸಿ ಎಬ್ಬಿಸುತ್ತಾರೆ. ತಪ್ಪು ಅವರದೆಂದು ಹೇಳಲಾರೆ. ದುಡ್ಡು ಕೊಟ್ಟವರ ಕಷ್ಟ ಅವರಿಗೆ. ಆದರೆ ಎಂಟು ವರುಷದ ಹುಡುಗಿಗೆ ಉಸುಕೆಂದರೆ ಕಣ್ಣಿಗೆ ಕಾಣುವ, ಕಾಲಿಗೆ ಸಲ್ಲದ ವಸ್ತುವಾಗಿತ್ತು.

"ಬೈಯೋರು ಯಾರೂ ಇಲ್ಲ. ಹೋಗು, ಎಷ್ಟು ಬೇಕೋ ಅಷ್ಟು ಆಡು" ಎಂದನು ಅಣ್ಣ.

"ಮರಳು ಅನಬ್ಯಾಡವ್ವ, ಉಸುಕು ಅನ್ನು. ಆಗ ಕೈಗೆ ಹತ್ತೈತಿ" ಎಂದಳು ಅಜ್ಜಿ. ಈ ಭಾಷಾಶಾಸ್ತ್ರವನ್ನು ನಮ್ಮ ಅಧ್ಯಾಪಕರು ಒಪ್ಪುವರೋ ಇಲ್ಲವೋ, ಹುಡುಗಿ ಒಪ್ಪಿಕೊಂಡಳು. ಚಪ್ಪಲಿ ಬಿಟ್ಟು ಓಡಿದವಳು ಮತ್ತೆ ಹತ್ತಿರ ಬಂದದ್ದು ಹಸಿವಾದ ಮೇಲೆಯೇ.

ಮಕ್ಕಳ ಆಟಕ್ಕೆ ಎಷ್ಟು ಕಡಮೆ ಸಾಮಾನು ಸಾಕೆಂಬುದನ್ನು ಅಂದು ಕುಳಿತು ನೋಡಿದೆ. ಮೊದಲು ಗುಬ್ಬಿಗೂಡು. ಹಸಿ ಉಸುಕಿನಲ್ಲಿ ಪಾದ ಹೂತು, ಮೇಲೆ ತಟ್ಟಿ ತಟ್ಟಿ, ಉಸಿರು ಹಿಡಿದು ಕಾಲು ಹಿಂದಕ್ಕೆಳೆದರೆ ಗೂಡು. ಹತ್ತರಲ್ಲಿ ಒಂಬತ್ತು ಕುಸಿಯುತ್ತವೆ. ಆಟದ ರುಚಿಯಿರುವುದು ಹತ್ತನೆಯದರಲ್ಲಿ. ಆಮೇಲೆ ನೀರಿನ ಮೇಲೆ ಹೆಂಚಿನ ಚೂರನ್ನು ಕಪ್ಪೆಯಂತೆ ಕುಪ್ಪಳಿಸುವ ಆಟ. ಇದರಲ್ಲಿ ನಮ್ಮ ಅವ್ವನ ಚೂರು ಏಳು ಸಲ ಕುಪ್ಪಳಿಸಿತು! ಅಪ್ಪ ಮೂರಕ್ಕೇ ಮುಳುಗಿಸಿದರು. ಅವ್ವನಿಗೆ ಈ ವಿದ್ಯೆ ಎಲ್ಲಿಂದ ಬಂತೆಂದು ನಾವು ಕೇಳಿದರೆ, "ನಾನೇನು ಹುಟ್ಟಿದಾಗಿಂದ ನಿಮ್ಮವ್ವ ಆಗಿದ್ನೇನು?" ಎಂದಳು. ನ್ಯಾಯವಾದ ಪ್ರಶ್ನೆ.

ನಮ್ಮ ಮಕ್ಕಳ ಕಲ್ಪನೆಗೂ ಊರಿನ ಗುರುತುಂಟು. ಉಸುಕಿನ ದಂಡೆಯಲ್ಲಿ ಬೇರೆ ದೇಶದ ಮಕ್ಕಳು ಕೋಟೆ ಕಟ್ಟುತ್ತಾರೆ. ನಮ್ಮವರು ಕಟ್ಟಿದ್ದು ಉಜ್ಜಿನಿಯ ಗುಡಿಯನ್ನು. ಬಕೆಟ್ಟು ಮಗುಚಿ ಗೋಪುರ, ಸೋರೆಬುರುಡೆಯ ತುಂಡಿನಿಂದ ಶಿಖರ. ಶಿಖರವಾದ ಮೇಲೆ ತೈಲಾಭಿಷೇಕವಾಗಬೇಡವೇ? ನಮ್ಮೂರಿನ ಜಾತ್ರೆಯಲ್ಲಿ ಜರಿಮಲೆಯಿಂದ ಬಂದ ಎಣ್ಣೆಯನ್ನು ಗುಡಿಯ ಶಿಖರದ ಮೇಲಿನಿಂದ ಸುರಿಯುವ ಆ ಉತ್ಸವವನ್ನು ಕಂಡವರು ಮರೆಯುವುದಿಲ್ಲ. "ಜರಿಮಲೆ ಎಣ್ಣಿ ಬಂತು, ದಾರಿ ಬಿಡ್ರಿ!" ಎಂದು ಕೂಗುತ್ತ ಅಣ್ಣನ ಮಗನು ತಂಬಿಗೆಯಲ್ಲಿ ಹೊಳೆಯ ನೀರನ್ನು ತಂದು ಸುರಿದನು. ಎಣ್ಣೆ ಹೆಚ್ಚಾಗಿ ಗುಡಿಯೇ ಕರಗಿ ಹೋಯಿತು. ಭಕ್ತರು ಅಳಲಿಲ್ಲ, ಮತ್ತೆ ಕಟ್ಟಿದರು.

ಅಕ್ಕನ ಹಿರಿಯ ಮಗನು ಮೈಲಾರದ ಕಾರ್ಣಿಕವನ್ನೇ ತಂದುಬಿಟ್ಟನು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಕಾಲಕ್ಕೆ ಗೊರವಯ್ಯನು ಬಿಲ್ಲನ್ನೇರಿ, "ಸದ್ದಲೇ" ಎಂದು ಲಕ್ಷ ಜನವನ್ನು ಸುಮ್ಮನಾಗಿಸಿ, ಒಂದೇ ಮಾತಿನಲ್ಲಿ ವರುಷದ ಭವಿಷ್ಯ ನುಡಿದು ಕೆಳಗೆ ಬೀಳುವುದನ್ನು ನಮ್ಮ ಸೀಮೆಯ ಕೂಸುಗಳೂ ಬಲ್ಲವು. ಬಿಲ್ಲಿಗೆ ಬದಲು ಕಬ್ಬಿನ ಜಲ್ಲೆ. ಅದು ಹುಡುಗನ ಭಾರ ತಾಳದಾದ್ದರಿಂದ ನನ್ನ ಹೆಗಲು. ಹೆಗಲೇರಿ ನಿಂತು, ಕಣ್ಣು ಮೇಲಕ್ಕೆ ಮಾಡಿ, "ಸದ್ದಲೇ!" ಎಂದು ಗರ್ಜಿಸಿದನು. ಅಕ್ಕಪಕ್ಕದಲ್ಲಿ ಉಣ್ಣುತ್ತಿದ್ದ ಬೇರೆ ಊರಿನವರು ಕೂಡ ಕೈ ತಡೆದು ನೋಡಿದರು. "ದೊಡ್ಡಜ್ಜಿಯ ಬುತ್ತಿ ಬರಿದಾದೀತಲೇ ಪರಾಕ್!" ಎಂದು ನುಡಿದು ಹಿಂದಕ್ಕೆ ಬಿದ್ದನು. ಜಮಖಾನ ಹಿಡಿದು ನಿಂತಿದ್ದ ಅಪ್ಪ, ಅಣ್ಣ ಸರಿಯಾಗಿ ಹಿಡಿದರು. ಕಾರ್ಣಿಕದ ಅರ್ಥದ ವಿಷಯದಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯೇ ಇರಲಿಲ್ಲ. ಎಲ್ಲರೂ ಊಟಕ್ಕೆ ಎದ್ದೆವು.

ಊಟದ ವರ್ಣನೆಯನ್ನು ಹಾಸ್ಟೆಲಿನಲ್ಲಿರುವ ಗೆಳೆಯರ ಮೇಲಿನ ಕರುಣೆಯಿಂದ ಚಿಕ್ಕದಾಗಿ ಮುಗಿಸುತ್ತೇನೆ. ಎಳ್ಳು ಹಚ್ಚಿ ತಟ್ಟಿದ ಸಜ್ಜೆಯ ರೊಟ್ಟಿ, ಬದನೆಯ ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಮೊಸರನ್ನ. ದಾರಿಯ ಹೊಲದವರು ಕೇಳಿದ್ದಕ್ಕೆ ಕಿತ್ತುಕೊಟ್ಟ ಹಸಿ ಕಡಲೆಗಿಡ. ಉಸುಕು ಬಾರದ ತುತ್ತಿರಲಿಲ್ಲ, ಬೇಡವೆಂದವರೂ ಇರಲಿಲ್ಲ. ಪಕ್ಕದ ಕುಟುಂಬದವರು ನಮಗೆ ಮಾದಲಿ ಕೊಟ್ಟರು, ನಾವು ಅವರಿಗೆ ಹೋಳಿಗೆ ಕೊಟ್ಟೆವು. ಅವರ ಹೆಸರು ಊರು ಕೇಳಿದ್ದು ಊಟವಾದ ಮೇಲೆ.

ಕೈ ತೊಳೆಯಲು ಹುಡುಗರು ಹೊಳೆಗೆ ಹೊರಟಾಗ ಅಜ್ಜಿ ತಡೆದು, "ಇಲ್ಲೇ ತೋಡ್ರಿ" ಎಂದಳು. ನೀರಿನಿಂದ ಹತ್ತು ಮಾರು ದೂರದಲ್ಲಿ ಮೊಳದುದ್ದ ಉಸುಕು ತೋಡಿದರು. ಮೇಲಿನ ಉಸುಕು ಬಿಸಿಲಿಗೆ ಬೆಚ್ಚಗೆ, ಗೇಣು ಕೆಳಗೆ ತಣ್ಣಗೆ, ಇನ್ನೂ ಕೆಳಗೆ ಒದ್ದೆ; ನೋಡುತ್ತಿದ್ದಂತೆ ಗುಂಡಿಯ ತಳದಲ್ಲಿ ನೀರು ಕೂಡಿಕೊಂಡಿತು. ಮೊದಲು ಕದಡಿದ್ದುದು ಎರಡು ಸಲ ತೋಡಿ ಚೆಲ್ಲಿದ ಮೇಲೆ ಕನ್ನಡಿಯಂತೆ ತಿಳಿಯಾಯಿತು. ಅದೇ ಒರತೆ. ಬೇಸಗೆಯಲ್ಲಿ ಹೊಳೆ ಬತ್ತಿದಾಗ ಅಜ್ಜಿಯ ತವರಿನ ಹೆಂಗಸರು ಕುಡಿಯುವ ನೀರನ್ನು ಹೀಗೆಯೇ ಚಿಪ್ಪಿನಿಂದ ತೋಡಿ ಕೊಡ ತುಂಬಿಕೊಳ್ಳುತ್ತಿದ್ದರಂತೆ. ಉಸುಕಿನ ಕಾಳು ಕಾಳಿನ ನಡುವೆ ನೀರು ನಿಂತಿರುತ್ತದೆ. ಬಿಸಿಲು ಅದನ್ನು ಮುಟ್ಟಲಾರದು, ಕಸ ಅದರೊಳಗೆ ಇಳಿಯಲಾರದು. ಹೊಳೆಯ ನೀರನ್ನು ಬೇಸಗೆಗೆಂದು ಕಾದಿಡುವ ಕಣಜವೇ ಉಸುಕು. "ಕೆಳಗ ಉಸುಕಿದ್ರ ಬಾವ್ಯಾಗ ನೀರು, ಉಸುಕು ಹೋದ್ರ ಬಾವಿ ಕಣ್ಣು ಮುಚ್ತೈತಿ" ಎಂದು ಅಜ್ಜಿ ಹೇಳಿದ ಮಾತನ್ನು ಭೂಗೋಳದ ಪಠ್ಯಪುಸ್ತಕ ಎರಡು ಪುಟದಲ್ಲಿ ಹೇಳುತ್ತದೆ.

ಅಣ್ಣ ಒರತೆಯಿಂದ ತೆಗೆದ ಉಸುಕನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿದನು. ಬಿಟ್ಟನು. ಅಂಗೈ ಸ್ವಚ್ಛವಾಗಿತ್ತು. "ನೋಡು, ಮಣ್ಣಿನ ಅಂಶ ಇಲ್ಲ. ಕಾಳು ಚುಚ್ತೈತಿ. ಗಿಲಾವಿಗೆ ಇಂಥಾದ್ದು ಸಿಕ್ಕರೆ ಗ್ವಾಡಿ ನೂರು ವರ್ಷ ನಿಲ್ತೈತಿ" ಎಂದನು. ನಗರದಲ್ಲಿ ಈಗ ಕಲ್ಲು ಪುಡಿಮಾಡಿದ ಎಂ-ಸ್ಯಾಂಡೇ ಹೆಚ್ಚು. ಹೊಳೆಯ ಉಸುಕು ಬಂದರೆ ಮೇಸ್ತ್ರಿಗಳು ಹಬ್ಬದ ಅಡಿಗೆ ಬಂದಂತೆ ನೋಡುತ್ತಾರಂತೆ. ಕೈಯಲ್ಲಿ ಹಿಡಿದು ಅದರ ಜಾತಕ ಹೇಳಬಲ್ಲವನಿಗೆ, ಅದು ಹುಟ್ಟಿದ ಮನೆಯನ್ನು ಬಹಳ ವರುಷಗಳ ಮೇಲೆ ನೋಡುವ ಯೋಗ ಅಂದು ಬಂದಿತ್ತು. ಅವನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದನು.

ಸುಮ್ಮನಿದ್ದುದಕ್ಕೆ ಇನ್ನೊಂದು ಕಾರಣವೂ ಇತ್ತು. ಬೆಳಿಗ್ಗೆ ಮಕ್ಕಳನ್ನು ನೀರಿಗೆ ಬಿಡುವ ಮೊದಲು ಅವನೂ ದೊಡ್ಡಪ್ಪನೂ ಕಬ್ಬಿನ ಜಲ್ಲೆ ಹಿಡಿದು ದಂಡೆಯುದ್ದಕ್ಕೂ ನೀರಿನ ಆಳ ನೋಡುತ್ತ ಹೋಗಿದ್ದರು. ಸ್ವಲ್ಪ ಮುಂದೆ, ಮೊಣಕಾಲುದ್ದದ ತಿಳಿನೀರಿನಲ್ಲಿ, ಜಲ್ಲೆ ಒಮ್ಮೆಲೇ ಕೈಯುದ್ದಕ್ಕೂ ಇಳಿದು ಹೋಯಿತು. ತಳ ಸಿಗಲಿಲ್ಲ. ಅದು ಹೊಳೆ ಮಾಡಿದ ಮಡುವಲ್ಲ. ಯಂತ್ರ ತೋಡಿದ ಗುಂಡಿ. ದಂಡೆಯ ಮೇಲೆ ಲಾರಿಯ ಗಾಲಿಯ ಗುರುತುಗಳು ಆಳವಾಗಿ ಬಿದ್ದಿದ್ದವು. ಮೇಲೆ ನೋಡಿದರೆ ನೀರು ಎಲ್ಲೆಡೆಯಂತೆ ಮುಗುಳುನಗುತ್ತ ಹರಿಯುತ್ತದೆ. ಇಂಥ ಗುಂಡಿಗೆ ಮಕ್ಕಳು ಬಿದ್ದ ಸುದ್ದಿಯನ್ನು ವೃತ್ತಪತ್ರಿಕೆಯಲ್ಲಿ ನಾವು ಓದಿ ಪುಟ ತಿರುವುತ್ತೇವೆ. ಅಂದು ತಿರುವಲಾಗಲಿಲ್ಲ. ಅಪ್ಪ ಅಲ್ಲಿ ನಾಲ್ಕು ಕೋಲು ನೆಟ್ಟು, ಅವ್ವನ ಹಳೆಯ ಕೆಂಪು ಸೀರೆಯ ತುಂಡನ್ನು ಕಟ್ಟಿದರು. ದಿನವೆಲ್ಲ ಹಿರಿಯರಲ್ಲೊಬ್ಬರು ಸರದಿಯಂತೆ ಅಲ್ಲಿಯೇ ಕುಳಿತೆವು. ಅಜ್ಜಿ ಮಾತ್ರ ಆ ಕಡೆ ನೋಡಲಿಲ್ಲ. "ನಾವು ಹುಡುಗೇರಿದ್ದಾಗ ಕಣ್ಣು ಕಟ್ಟಿ ಬಿಟ್ರೂ ಹೊಳ್ಯಾಗ ಅಡ್ಡಾಡ್ತಿದ್ವಿ" ಎಂದಳು. ಬೇಸಗೆಯಲ್ಲಿ ಆ ಮಟ್ಟದ ಉಸುಕು ಈಗ ಎಲ್ಲಿದೆ ಎಂದು ಕೇಳಿದರೆ ನಗರದ ಗೋಡೆಗಳನ್ನು ತೋರಿಸಬೇಕು.

ಇದರಲ್ಲಿ ಯಾರನ್ನು ದೂರೋಣ? ಉಸುಕಿಲ್ಲದೆ ಮನೆಯಿಲ್ಲ, ಶಾಲೆಯಿಲ್ಲ, ನಮ್ಮ ಕಾಲೇಜಿನ ಕಟ್ಟಡವೂ ಇಲ್ಲ. ನಮ್ಮ ಅಣ್ಣನ ಒಲೆ ಉರಿಯುವುದೂ ಇಲ್ಲ. ಜಗತ್ತು ವರುಷಕ್ಕೆ ಸುಮಾರು 5,000 ಕೋಟಿ ಟನ್ನು ಉಸುಕು ಜಲ್ಲಿಗಳನ್ನು ಬಳಸುತ್ತದೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2022ರ ವರದಿ ಹೇಳಿದೆ. ಮರುಭೂಮಿಯ ಉಸುಕು ಗಾಳಿಗೆ ಉರುಳಿ ನುಣುಪಾಗಿರುವುದರಿಂದ ಕಟ್ಟಡಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ಎಲ್ಲರ ಕಣ್ಣು ಹೊಳೆಗಳ ಮೇಲೆ. ಚಿಕ್ಕ ಗಣಿಗಳಿಗೂ ಪರಿಸರದ ಅನುಮತಿ ಬೇಕೆಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿಯೇ ಆದೇಶಿಸಿತು. ಕಾನೂನು ಹಗಲಿನಲ್ಲಿ ಎಚ್ಚರವಾಗಿರುತ್ತದೆ. ಲಾರಿಗಳು ರಾತ್ರಿ ಬರುತ್ತವೆ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಕಿತ್ತುಹೋದಾಗ ನಮ್ಮ ಜಿಲ್ಲೆಯ ಪ್ರತಿಯೊಬ್ಬನೂ ಟಿ.ಎಂ.ಸಿ. ಲೆಕ್ಕ ಮಾಡಿದನು. ಮೊದಲು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಆ ಜಲಾಶಯ ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆಯೆಂದು ಎಲ್ಲರಿಗೂ ಬಾಯಿಪಾಠ. ಕೆಳಗೆ ಬೇಡವಾದ ಹೂಳು ಹೆಚ್ಚುತ್ತಿದೆ, ಮೇಲೆ ಬೇಕಾದ ಉಸುಕು ಕರಗುತ್ತಿದೆ. ಹೋದ ನೀರನ್ನು ಮುಂದಿನ ಮಳೆ ತಂದುಕೊಡುತ್ತದೆ. ಬೆಟ್ಟದ ಬಂಡೆಯನ್ನು ಸವೆಸಿ ಉಸುಕು ಮಾಡುವುದಕ್ಕೆ ಹೊಳೆಗೆ ಎಷ್ಟು ಕಾಲ ಬೇಕೋ, ಅಷ್ಟು ಕಾಲ ಯಾವ ಮಗುವೂ ಮಗುವಾಗಿಯೇ ಕಾದಿರಲಾರದು.

ಈ ನಷ್ಟವನ್ನು ಅಳೆಯುವವರು ಬಾವಿಯ ನೀರನ್ನು ಅಳೆಯುತ್ತಾರೆ, ಸೇತುವೆಯ ಬುಡವನ್ನು ಅಳೆಯುತ್ತಾರೆ, ರಾಜಧನದ ರೂಪಾಯಿಯನ್ನು ಅಳೆಯುತ್ತಾರೆ. ಅದೆಲ್ಲ ಅಗತ್ಯ. ಆದರೆ "ಇದು ಯಾರದು, ಆಡಿದರೆ ಬೈಯುವುದಿಲ್ಲವೇ" ಎಂದು ಕೇಳಬೇಕಾಗದ ಒಂದು ಜಾಗ ಹೋಯಿತೆಂಬುದನ್ನು ಯಾರ ಪುಸ್ತಕದಲ್ಲಿ ಬರೆಯುತ್ತಾರೆ? ಹಣವುಳ್ಳವರ ಮಕ್ಕಳಿಗೆ ಈಜುಕೊಳಗಳಿವೆ, ಟಿಕೆಟ್ಟಿನ ಉದ್ಯಾನಗಳಿವೆ, ವರುಷಕ್ಕೊಮ್ಮೆ ಗೋವೆಯೂ ಇದೆ. ಗಾರೆಯವನ ಮಗಳಿಗೂ ಮೇಸ್ಟರ ಮಗನಿಗೂ ಒಂದೇ ನೆಲದ ಮೇಲೆ ಗುಡಿ ಕಟ್ಟಲು ಎಡೆ ಕೊಟ್ಟದ್ದು ಹೊಳೆ. ಅಂದಿನ ಊಟದ ಪಂಕ್ತಿಯಲ್ಲಿ ಯಾರ ಮಕ್ಕಳು ಯಾರೆಂದು ಗೊತ್ತಾಗುತ್ತಿರಲಿಲ್ಲ. ಎಲ್ಲರ ಕೂದಲಲ್ಲೂ ಅದೇ ಉಸುಕಿತ್ತು.

ಹಿರಿಯರಿಗೂ ಅದೇ ಮಾತು ಸಲ್ಲುತ್ತದೆ. ಮನೆಯಲ್ಲಿ ನಮಗೆ ಒಬ್ಬೊಬ್ಬರಿಗೆ ಒಂದೊಂದು ವೇಷ: ಅಪ್ಪ ಗದರಿಸಬೇಕು, ಅವ್ವ ಒಲೆಯ ಮುಂದಿರಬೇಕು, ಓದುವವನು ಓದುವಂತೆ ತೋರಬೇಕು. ಚಳಿಯ ಬಿಸಿಲಿನಲ್ಲಿ, ಮಾಡಲು ಕೆಲಸವಿಲ್ಲದ ಬಯಲಿನಲ್ಲಿ, ಆ ವೇಷ ಯಾರಿಗೂ ಬೇಕಾಗಲಿಲ್ಲ. ಅಪ್ಪ ಅಣ್ಣಂದಿರ ನಡುವೆ ಎರಡು ವರುಷದಿಂದ ಹೊಲದ ವಿಷಯದಲ್ಲಿ ಮಾತು ಕಡಮೆಯಾಗಿತ್ತು. ಆ ಸಂಜೆ ಇಬ್ಬರೂ ಕೆಂಪು ಬಟ್ಟೆಯ ಕೋಲುಗಳ ಬಳಿ ಪಕ್ಕದಲ್ಲಿ ಕುಳಿತು ಕಡಲೆ ಸುಲಿಯುತ್ತ ಮಾತಾಡುತ್ತಿದ್ದುದನ್ನು ಅವ್ವ ದೂರದಿಂದ ನೋಡಿ, ನಮ್ಮನ್ನು ಆ ಕಡೆ ಹೋಗದಂತೆ ತಡೆದಳು. ಏನು ಮಾತಾಡಿದರೋ ತಿಳಿಯದು. ಎದ್ದಾಗ ಇಬ್ಬರ ಮಡಿಲ ತುಂಬ ಸಿಪ್ಪೆಯಿತ್ತು.

ಗಾಡಿ ಹತ್ತುವಾಗ ಅಣ್ಣನ ಮಗಳು ಹೋಳಿಗೆಯ ಖಾಲಿ ಡಬ್ಬಿಯಲ್ಲಿ ಉಸುಕು ತುಂಬಿಕೊಂಡಿದ್ದಳು. "ಯಾಕವ್ವ?" ಎಂದರೆ, "ಶೆಡ್ಡಿನ ಹತ್ರ ಆಡೋಕೆ. ಇದು ನಂದು, ಯಾರೂ ಬೈಯಲ್ಲ" ಎಂದಳು. ಅಣ್ಣ ಡಬ್ಬಿಯ ಮುಚ್ಚಳವನ್ನು ಗಟ್ಟಿಯಾಗಿ ಹಾಕಿ ತನ್ನ ಚೀಲದಲ್ಲಿಟ್ಟುಕೊಂಡನು. ಹೊರಡುವ ಮುನ್ನ ಅಪ್ಪ ಕೋಲುಗಳನ್ನು ಕೀಳಲಿಲ್ಲ. ನಮ್ಮ ಹಿಂದೆ ಬರುವವರ ಮಕ್ಕಳಿಗಾಗಿ ಕೆಂಪು ಬಟ್ಟೆಯನ್ನು ಇನ್ನೊಂದು ಗಂಟು ಬಿಗಿದು ಬಂದರು.

ಪ್ರಿಯ ಸಹಪಾಠಿಗಳೇ, ನಮ್ಮ ಕಾಲೇಜಿಗೆ ಹಡಗಲಿ, ಹರಪನಹಳ್ಳಿಗಳ ಹೊಳೆಸಾಲಿನಿಂದ ಬರುವವರೂ ಇದ್ದೀರಿ, ಕೂಡ್ಲಿಗಿ, ಕೊಟ್ಟೂರುಗಳ ಬೆದ್ದಲು ಸೀಮೆಯಿಂದ ಬರುವವರೂ ಇದ್ದೀರಿ. ಮುಂದಿನ ಸಂಕ್ರಾಂತಿಗೆ ರಜೆಯಲ್ಲಿ ಮಲಗಿ ಕಳೆಯದೆ, ಮನೆಯ ಮಕ್ಕಳನ್ನೂ ಮುದುಕರನ್ನೂ ಕರೆದುಕೊಂಡು ಹೊಳೆಗೆ ಹೋಗಿ. ಕೈಯಲ್ಲಿ ಬುತ್ತಿಯಿರಲಿ, ಆಳ ನೋಡಲು ಒಂದು ಉದ್ದನೆಯ ಕೋಲೂ ಇರಲಿ. ಹೊಳೆಸಾಲಿನ ಗೆಳೆಯರು ನಿಮ್ಮ ಊರಿನ ದಂಡೆಯಲ್ಲಿ ಉಸುಕು ಎಲ್ಲಿಯವರೆಗೆ ಇದೆಯೆಂದು ವರುಷಕ್ಕೊಮ್ಮೆ ಗುರುತು ಹಾಕಿಡಿ, ಗುಂಡಿ ಕಂಡಲ್ಲಿ ಕೋಲು ನೆಡಿ, ಪಂಚಾಯಿತಿಯವರಿಗೆ ಬರೆದು ತಿಳಿಸಿ. ಓದು ಬಲ್ಲವರಾದ ನಮ್ಮಿಂದ ಅಷ್ಟು ಕೆಲಸ ಆಗಬಾರದೇ? ನಾವು ಹೀಗೆ ನೋಡಿಕೊಂಡ ದಂಡೆಯ ಮೇಲೆ ನಾಳೆ ಯಾವುದೋ ಊರಿನ, ಹೆಸರೂ ಗೊತ್ತಿಲ್ಲದ ಮಕ್ಕಳು ಗುಬ್ಬಿಗೂಡು ಕಟ್ಟುತ್ತಾರೆ. ಒಂಬತ್ತು ಕುಸಿಯುತ್ತವೆ. ಹತ್ತನೆಯದು ನಿಲ್ಲುವುದಕ್ಕೆ ಬೇಕಾದಷ್ಟು ಉಸುಕಾದರೂ ಅಲ್ಲಿ ಉಳಿದಿರಲಿ.